ಬಿಟ್ಟಿದ್ದ ಜಪಾನೀಸನ್ನು ಮತ್ತೆ ಹಿಡಿಯುವವರಿಗೆ

ಮೊದಲ ದಿನ ಆಂಕಿ, ಅಂದರೆ ಕಲಿತ ಪದಗಳನ್ನು ಕಾರ್ಡುಗಳಾಗಿ ಮತ್ತೆ ಮತ್ತೆ ತೋರಿಸುವ ಆ್ಯಪ್, ತೆರೆಯಬೇಡಿ. ವರ್ಷಗಟ್ಟಲೆ ಮುಟ್ಟದ ಫ್ಲ್ಯಾಶ್‌ಕಾರ್ಡ್ ಆ್ಯಪ್ ತೆರೆದರೆ ಸಾವಿರಾರು ಕಾರ್ಡುಗಳ ಬಾಕಿ ಎದುರಿಗೆ ಬಂದು ನಿಲ್ಲುತ್ತದೆ. ಆ ಸಂಖ್ಯೆ ನೋಡಿಯೇ ಎಷ್ಟೋ ಜನ ಅಲ್ಲಿಂದ ವಾಪಸ್ ಹೋಗುತ್ತಾರೆ. ಬಾಕಿ ತೀರಿಸುವುದಕ್ಕೂ ಒಂದು ದಾರಿ ಇದೆ, ಮುಂದೆ ಹೇಳುತ್ತೇನೆ. ಮೊದಲ ಒಂದು ತಿಂಗಳು ಅದು ಬೇಡವೇ ಬೇಡ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಜಪಾನೀಸ್ ಕಲಿತವಳು. ಜೆಎಲ್‌ಪಿಟಿ ಎಂಬ ಜಪಾನೀಸ್ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಮಟ್ಟ, ಎನ್5 ಎಲ್ಲಕ್ಕಿಂತ ಸುಲಭದ್ದು. ಎನ್4 ಮುಗಿದು ಎನ್3ಕ್ಕೆ ಓದುತ್ತಿದ್ದೆ. ಹಗಲು ಆಫೀಸು, ರಾತ್ರಿ ಕ್ಲಾಸು, ನಡುವೆ ಸಿಕ್ಕಿದ ಹೊತ್ತೆಲ್ಲ ಕಾರ್ಡುಗಳು. ಒಂದು ಹಂತಕ್ಕೆ ಬಂದಾಗ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರ, ಕಂಡರೆ ಸಾಕು, ಎದೆ ಭಾರ ಆಗುತ್ತಿತ್ತು. ಬಿಟ್ಟೆ. ಆಮೇಲೆ ಊರಿಗೆ ಬಂದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ ನಮ್ಮದು. ಪುಸ್ತಕಗಳು ಹಲವು ವರ್ಷ ಅಟ್ಟದಲ್ಲೇ ಇದ್ದವು. ಈಗ ಮತ್ತೆ ಓದುತ್ತಿದ್ದೇನೆ. ಸುತ್ತಮುತ್ತಲಿನ ಕೆಲವು ನರ್ಸ್ ಹುಡುಗಿಯರಿಗೆ ಹೇಳಿಕೊಡುತ್ತೇನೆ ಕೂಡ. ಅವರಲ್ಲೂ ನಡುವೆ ಬಿಟ್ಟು ಮತ್ತೆ ಬಂದವರೇ ಜಾಸ್ತಿ. ಈ ಬರಹ ಅಂಥವರಿಗಾಗಿ. ಹೊಸದಾಗಿ ಕಲಿಯುವವರ ದಾರಿ ಬೇರೆ, ಬಿಟ್ಟು ಬಂದವರ ದಾರಿ ಬೇರೆ.

ಸುಸ್ತು ಯಾವುದರದ್ದು?

ಒಂದು ಹಾಳೆ ತೆಗೆದುಕೊಂಡು ಎರಡು ವಿಷಯ ಬರೆಯಿರಿ. ಜಪಾನೀಸ್ ಎಂದ ಕೂಡಲೇ ಏನು ನೆನಪಾಗಿ ಬೇಜಾರಾಗುತ್ತದೆ? ಏನು ನೆನಪಾದರೆ ಈಗಲೂ ಇಷ್ಟ ಆಗುತ್ತದೆ? ನಾನು ಬರೆದಾಗ ಬೇಜಾರಿನ ಕಡೆ ಇದ್ದದ್ದು ಪರೀಕ್ಷೆಯ ದಿನಾಂಕ, ಕಾರ್ಡುಗಳ ಲೆಕ್ಕ, ರಾತ್ರಿ ಕ್ಲಾಸು. ಇಷ್ಟದ ಕಡೆ ಜನ ಮಾತಾಡುವ ಧಾಟಿ, ಸಣ್ಣ ಕತೆಗಳು, ಬ್ರಷ್‌ನಿಂದ ಬರೆದ ಅಕ್ಷರ. ಭಾಷೆಯ ಮೇಲೆ ನನಗೆ ಕೋಪವೇ ಇರಲಿಲ್ಲ. ನನ್ನ ಹತ್ತಿರ ಕಲಿಯುವವರು ಬರೆದ ಹಾಳೆಗಳಲ್ಲೂ ಹೆಚ್ಚಾಗಿ ಹೀಗೆಯೇ ಇರುತ್ತದೆ.

ಬೇಜಾರಿನ ಕಡೆ ಇರುವುದನ್ನೆಲ್ಲ ಮೊದಲ ಒಂದು ತಿಂಗಳು ಪಕ್ಕಕ್ಕಿಡಿ. ಇಷ್ಟದ ಕಡೆಯಿಂದ ಒಂದನ್ನು ಮಾತ್ರ ಆರಿಸಿಕೊಳ್ಳಿ. ಎರಡು ಬೇಡ, ಒಂದೇ.

ಜಪಾನೀಸ್ ಮಾತ್ರ ಅಲ್ಲ, ಯಾವುದರಲ್ಲೂ ಮನಸ್ಸಿಲ್ಲ, ವಾರಗಟ್ಟಲೆ ಸರಿಯಾಗಿ ನಿದ್ದೆಯಿಲ್ಲ ಎಂದಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಪುಸ್ತಕ ಕಾಯುತ್ತದೆ.

ಎಲ್ಲ ಮರೆತುಹೋಗಿದೆ ಎಂಬ ಹೆದರಿಕೆಯೂ ಇರುತ್ತದೆ. ಅದಕ್ಕೆ ಉತ್ತರ ತುಂಬ ಹಳೆಯದು. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಮರೆವಿನ ಬಗ್ಗೆ ಬರೆದರು. ಮರೆತಂತೆ ಕಂಡದ್ದನ್ನು ಎರಡನೇ ಸಲ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಹೊತ್ತು ಸಾಕಾಗುತ್ತದೆ ಎಂದು ಅವರು ಅಳೆದು ತೋರಿಸಿದರು. ಹಾಗಾಗಿ ಮೊಟ್ಟಮೊದಲು ಕಲಿಯುವ ಹಿರಗಾನ ಅಕ್ಷರಗಳ ಚಾರ್ಟಿನಿಂದ ಮತ್ತೆ ಶುರು ಮಾಡುವುದು ಬೇಡ. ಬಿಟ್ಟ ಪಾಠದಿಂದಲೇ ಮುಂದುವರಿಯುವುದೂ ಬೇಡ. ಬಿಟ್ಟ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ಎನ್3 ಓದುವಾಗ ಬಿಟ್ಟಿದ್ದರೆ ಎನ್4ರ ಆಡಿಯೊ ಮತ್ತು ಕತೆಗಳು. ಎನ್4ರಲ್ಲಿ ಬಿಟ್ಟಿದ್ದರೆ ಎನ್5ರದ್ದು.

ಕಿವಿಯಿಂದ ಶುರು

ಮೊದಲ ಎರಡು ವಾರ ಕೇಳುವುದು ಮಾತ್ರ. ದಿನಕ್ಕೆ 15 ನಿಮಿಷ. ಪುಸ್ತಕ ಇಲ್ಲ, ಪೆನ್ ಇಲ್ಲ. ಜಪಾನ್ ಫೌಂಡೇಶನ್‌ನವರ ಇರೊದೊರಿ ಪಾಠಗಳು ಪೂರ್ತಿ ಉಚಿತ, ಆಡಿಯೊ ಡೌನ್‌ಲೋಡ್ ಮಾಡಿಕೊಳ್ಳಬಹುದು. ಜಪಾನಿನಲ್ಲಿ ಬದುಕುವವರಿಗೆ ಬೇಕಾದ ಮಾತುಗಳೇ ಅದರಲ್ಲಿರುವುದು. ಅಂಗಡಿಯಲ್ಲಿ ಕೇಳುವುದು, ಕೆಲಸಕ್ಕೆ ಬರಲಾಗದಿದ್ದರೆ ತಿಳಿಸುವುದು, ಹೀಗೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಆದ್ದರಿಂದ ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ.

ಯಾವಾಗ ಕೇಳುವುದು? ಕೈಗೆ ಕೆಲಸ ಇದ್ದು ಕಿವಿ ಖಾಲಿ ಇರುವ ಹೊತ್ತು ಹುಡುಕಿ. ನನಗೆ ಅದು ಅಡಿಕೆ ಸುಲಿಯುವ ಹೊತ್ತು. ಮಂಗಳೂರಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಕುಂಬಳೆಯಿಂದ ತಲಪಾಡಿ ದಾಟುವವರೆಗಿನ ಬಸ್ಸು. ರಾತ್ರಿ ಪಾಳಿ ಮುಗಿಸಿ ಬರುವಾಗ ಬೇಡ, ಆಗ ನಿದ್ದೆ ಮಾಡಿ.

ಅರ್ಥವಾಗದ ಕಡೆ ನಿಲ್ಲಿಸಬೇಡಿ. ಒಂದೇ ತುಣುಕನ್ನು ನಾಲ್ಕೈದು ದಿನ ಕೇಳಿ. ಮೂರನೇ ದಿನಕ್ಕೆ ಒಂದೊಂದೇ ಪದ ತಾನಾಗಿ ಬಿಡಿಸಿಕೊಳ್ಳುವುದು ಗೊತ್ತಾಗುತ್ತದೆ. ಆ ಖುಷಿ ದೊಡ್ಡದು.

ಮೂರನೇ ವಾರದಿಂದ ಕೇಳಿದ್ದನ್ನು ಬರೆಯಿರಿ. ಕನ್ನಡ ಲಿಪಿಯಲ್ಲೇ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ದೊಡ್ಡ ಅನುಕೂಲ, ಯಾರೂ ಹೇಳಿಕೊಡುವುದಿಲ್ಲ ಅಷ್ಟೇ. ಜಪಾನೀಸ್‌ನಲ್ಲಿ ಹ್ರಸ್ವ, ದೀರ್ಘ, ಒತ್ತು ತಪ್ಪಿದರೆ ಅರ್ಥವೇ ಬದಲಾಗುತ್ತದೆ. ಒಬಸನ್ ಎಂದರೆ ಚಿಕ್ಕಮ್ಮ, ಒಬಾಸನ್ ಎಂದರೆ ಅಜ್ಜಿ. ಯುಕಿ ಹಿಮ, ಯೂಕಿ ಧೈರ್ಯ. ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆಚೀಟಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ಇವು ಕಲಸಿಹೋಗುತ್ತವೆ. ಕನ್ನಡದಲ್ಲಿ ಬರೆದರೆ ಕೇಳಿದ್ದು ಸರಿಯೋ ತಪ್ಪೋ ಆ ಕ್ಷಣವೇ ಗೊತ್ತಾಗುತ್ತದೆ. ದಿನಕ್ಕೆ ಎರಡು ವಾಕ್ಯ ಸಾಕು. ಬರೆದಾದ ಮೇಲೆ ಪಾಠದ ಹಿರಗಾನ ಜೊತೆ ಹೋಲಿಸಿ ನೋಡಿ. ಸ್ವರದ ಏರಿಳಿತ ಮಾತ್ರ ನಮ್ಮ ಲಿಪಿಗೆ ಸಿಗುವುದಿಲ್ಲ. ಅದನ್ನು ಬಾಯಿಬಿಟ್ಟು ಅನುಕರಿಸಿಯೇ ಹಿಡಿಯಬೇಕು. "ಎಂತ ಮಗಳೇ, ಒಬ್ಬಳೇ ಮಾತಾಡ್ತಾ ಇದ್ದೀಯ?" ಎಂದು ಅಮ್ಮ ಕೇಳಿದರೆ ಕೇಳಲಿ.

ವ್ಯಾಕರಣವನ್ನು ಮನೆ ಭಾಷೆಯಲ್ಲಿ ಮತ್ತೆ ಕಟ್ಟಿಕೊಳ್ಳಿ

ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕೆನಿಸುವುದು ಇದನ್ನೇ. ನಾವು ಜಪಾನೀಸ್ ಕಲಿತದ್ದು ಇಂಗ್ಲಿಷ್ ಮೂಲಕ. ಪ್ರತಿ ವಾಕ್ಯವನ್ನೂ ಮೊದಲು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಹಿಂದುಮುಂದು ಮಾಡಿ ಜಪಾನೀಸ್‌ಗೆ ಒಯ್ಯುವುದು. ಸುಸ್ತಿಗೆ ಅದೇ ಒಂದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಕಾಸರಗೋಡಿನವರಿಗೆ ಆ ಸುತ್ತು ಬೇಕೇ ಇಲ್ಲ.

ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿಯಂಥ ತುಣುಕು ನಾಮಪದದ ಹಿಂದೆ ಅಂಟುವುದು, ಇದೆಲ್ಲ ನಮಗೆ ಸಹಜ. ಅದಕ್ಕಿಂತ ಹತ್ತಿರದ್ದು 'ತೆ' ರೂಪ. ಇಂಗ್ಲಿಷ್‌ನಲ್ಲಿ ವಿವರಿಸಿದ ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ನಿಯಮ. ನಮಗೆ ಅದು ಹೋಗಿ, ತಿಂದು, ಬರೆದು ಎನ್ನುವ ರೂಪವೇ. ಇತ್ತೆ ಕಿಮಸು ಎಂದರೆ ಅಕ್ಷರಶಃ ಹೋಗಿ ಬರ್ತೇನೆ. ಅವರೂ ಮನೆಯಿಂದ ಹೊರಡುವಾಗ ಇದನ್ನೇ ಹೇಳುತ್ತಾರೆ. ತಬೆತೆ ಮಿತೆ ಕುದಸಯ್ ಎಂದರೆ ತಿಂದು ನೋಡಿ, ನೋಡು ಎನ್ನುವ ಕ್ರಿಯಾಪದ ಅಲ್ಲೂ ಹಾಗೆಯೇ ಬರುತ್ತದೆ. ಶಿತೆ ಒಕಿಮಶಿತ ಎಂದರೆ ಮಾಡಿಟ್ಟೆ. ವಸುರೆತೆ ಶಿಮಯ್ಮಶಿತ ಎಂದರೆ ಮರೆತುಬಿಟ್ಟೆ. ಒಶಿಯೆತೆ ಕುದಸಯ್ ಎಂದರೆ ಹೇಳಿಕೊಡಿ. ಒಂದು ಹಾಳೆಯಲ್ಲಿ ಎಡಕ್ಕೆ ಜಪಾನೀಸ್, ಬಲಕ್ಕೆ ಕನ್ನಡ ಬರೆದುಕೊಂಡರೆ ಎನ್4ರ ಅರ್ಧ ವ್ಯಾಕರಣ ಒಂದು ಸಂಜೆಯಲ್ಲಿ ವಾಪಸ್ ಬಂದಂತೆ ಅನಿಸುತ್ತದೆ.

ನಿನ್ನೆ ಬಂದವರು ಎನ್ನುವಂಥ ಕಡೆಯೂ ಹೀಗೆ. ಕಿನೋ ಕಿತ ಹಿತೊ, ಅಂದರೆ ನಿನ್ನೆ ಬಂದ ವ್ಯಕ್ತಿ. ಪದಗಳ ಕ್ರಮ ಕೂಡ ಅದೇ. ಉದ್ದದ ವಾಕ್ಯ ಓದುವಾಗ ಹಿಂದಿನಿಂದ ಮುಂದಕ್ಕೆ ಬಿಡಿಸುವ ಕಷ್ಟ ನಮಗಿಲ್ಲ, ಬರೆದಂತೆ ಓದುತ್ತಾ ಹೋಗಬಹುದು.

ಇನ್ನು ಮಲಯಾಳಂ. ಅಂಗಡಿ, ಬಸ್ಸು, ಕಚೇರಿ ಎಲ್ಲ ಕಡೆ ಬೇಕಾಗುವುದರಿಂದ ನಮಗೆ ಅಷ್ಟಿಷ್ಟು ಬಂದೇ ಬರುತ್ತದೆ. ಕನ್ನಡದಲ್ಲಿ ಹೋದೆ, ಹೋದಳು, ಹೋದರು ಎಂದು ಆಳಿಗೆ ತಕ್ಕಂತೆ ಬದಲಾಗುತ್ತದೆ. ಮಲಯಾಳಂನಲ್ಲಿ ಯಾರು ಹೋದರೂ ಪೋಯಿ. ಜಪಾನೀಸ್‌ನಲ್ಲೂ ಯಾರು ಹೋದರೂ ಇಕಿಮಶಿತ. ಈ ವಿಷಯಕ್ಕೆ ಮಲಯಾಳಂ ಕಿವಿ ಇಟ್ಟುಕೊಳ್ಳಿ.

ಕೊಡುವ ಕ್ರಿಯಾಪದಗಳಲ್ಲಿ ಎಲ್ಲರೂ ಎಡವುತ್ತಾರೆ. ನನಗೆ ಅಥವಾ ನನ್ನವರಿಗೆ ಕೊಟ್ಟರೆ ಕುರೆರು, ಬೇರೆಯವರಿಗೆ ಕೊಟ್ಟರೆ ಅಗೆರು. ಕನ್ನಡದಲ್ಲಿ ಎರಡಕ್ಕೂ ಕೊಡು. ಆದರೆ ಮಲಯಾಳಂನಲ್ಲಿ ನನಗೆ ಕೊಟ್ಟರೆ ತನ್ನು, ಮೂರನೆಯವರಿಗೆ ಕೊಟ್ಟರೆ ಕೊಡುತ್ತು. ಬಹುಪಾಲು ಅದೇ ಲೆಕ್ಕ. ಒಂದು ಕಡೆ ಮಾತ್ರ ಬೇರೆ ಆಗುತ್ತದೆ. ನಾನು ನಿಮಗೆ ಕೊಡುವಾಗ ಮಲಯಾಳಿಗಳು ತನ್ನು ಎನ್ನುವ ಕ್ರಿಯಾಪದವನ್ನೇ ಬಳಸುತ್ತಾರೆ, ಜಪಾನೀಸ್‌ನಲ್ಲಿ ಅದು ಅಗೆರು ಗುಂಪಿಗೆ ಸೇರುತ್ತದೆ. ಇಷ್ಟು ನೆನಪಿಟ್ಟರೆ ಆಯಿತು. ನನ್ನ ಹತ್ತಿರ ಬರುವ ಹುಡುಗಿಯರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಮನೆ ಭಾಷೆ ಕೈಕೊಡುವ ಜಾಗಗಳೂ ಇವೆ, ಅವನ್ನು ಬೇರೆ ಪುಟದಲ್ಲಿ ಬರೆದಿಡಿ. ಮನೆಯಲ್ಲಿದ್ದೇನೆ, ಮನೆಯಲ್ಲಿ ಓದುತ್ತೇನೆ, ನಮಗೆ ಎರಡಕ್ಕೂ 'ಅಲ್ಲಿ'. ಅವರಿಗೆ ಇರುವ ಜಾಗಕ್ಕೆ 'ನಿ', ಕೆಲಸ ನಡೆಯುವ ಜಾಗಕ್ಕೆ 'ದೆ'. ನಾಮಪದದ ಕೊನೆಗೆ ಅಂಟುವ 'ವ' ಮತ್ತು 'ಗ' ಎಂಬ ತುಣುಕುಗಳ ನಡುವಿನ ವ್ಯತ್ಯಾಸಕ್ಕೂ ನಮ್ಮಲ್ಲಿ ನೇರ ಜೋಡಿ ಇಲ್ಲ. ಅದು ನಿಯಮ ಓದಿ ಬರುವುದಕ್ಕಿಂತ ಕೇಳಿ ಕೇಳಿ ಬರುವುದೇ ಹೆಚ್ಚು. ಅವಸರ ಬೇಡ.

ಈಗ ಆಂಕಿ ತೆರೆಯಬಹುದು

ತಿಂಗಳಾದ ಮೇಲೆ ತೆರೆಯಿರಿ. ಕಾರ್ಡು ನೋಡುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ದಿನದ ಹೊಸ ಕಾರ್ಡುಗಳನ್ನು 0 ಮಾಡಿ. ದಿನದ ರಿವ್ಯೂ ಮಿತಿ, ಅಂದರೆ ಮತ್ತೆ ನೋಡುವ ಹಳೆಯ ಕಾರ್ಡುಗಳ ಮಿತಿ, ತಾನಾಗಿ 200 ಇರುತ್ತದೆ, ಅದನ್ನು 30ಕ್ಕೆ ಇಳಿಸಿ. ಬಾಕಿ 4,000 ಇರಲಿ, 10,000 ಇರಲಿ, ನಿಮ್ಮ ಕಣ್ಣಿಗೆ ಕಾಣುವುದು ಈಗ 30 ಮಾತ್ರ.

2023ರಿಂದ ಆಂಕಿಯಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರ ಸಿಗುತ್ತದೆ, ಯಾವ ಕಾರ್ಡನ್ನು ಮತ್ತೆ ಯಾವಾಗ ತೋರಿಸಬೇಕೆಂದು ತೀರ್ಮಾನಿಸುವುದು ಅದು. ಅದನ್ನು ಆನ್ ಮಾಡಿಕೊಂಡರೆ, ಕಾರ್ಡುಗಳನ್ನು ಜೋಡಿಸುವ ಕಡೆ ಡಿಸೆಂಡಿಂಗ್ ರಿಟ್ರೀವಬಿಲಿಟಿ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ನಿಮಗೆ ಇನ್ನೂ ನೆನಪಿರುವ ಸಾಧ್ಯತೆ ಹೆಚ್ಚಿರುವ ಕಾರ್ಡುಗಳೇ ಮೊದಲು ಬರುತ್ತವೆ. ಮೊದಲ ವಾರಗಳಲ್ಲಿ ಸರಿ ಉತ್ತರ ಬರುವುದು ಮನಸ್ಸಿಗೆ ಬೇಕು. ಅಷ್ಟೇ ಅಲ್ಲ, ಹಲವು ವರ್ಷಗಳ ನಂತರವೂ ನೆನಪಿದ್ದ ಕಾರ್ಡಿಗೆ ಆಂಕಿ ಆ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿದು ಮುಂದಿನ ದಿನಾಂಕವನ್ನು ದೂರಕ್ಕೆ ಹಾಕುತ್ತದೆ. ಹಾಗಾಗಿ ಬಾಕಿ ನೀವು ಹೆದರಿದ್ದಕ್ಕಿಂತ ಬೇಗ ಕರಗುತ್ತದೆ.

ಮರೆತದ್ದಕ್ಕೆ ಅಗೇನ್ ಒತ್ತಿ. ಸ್ವಲ್ಪ ನೆನಪಿತ್ತಲ್ವಾ ಎಂದು ಹಾರ್ಡ್ ಒತ್ತಬೇಡಿ, ಲೆಕ್ಕಾಚಾರ ಕೆಡುತ್ತದೆ. ಎರಡು ಮೂರು ದಿನ ನೋಡಿಯೂ ತಲೆಗೆ ಹೋಗದ ಕಾರ್ಡನ್ನು ಸಸ್ಪೆಂಡ್ ಮಾಡಿ. ಅಳಿಸುವುದು ಬೇಡ. ಮುಂದೆ ಎಲ್ಲೋ ಕತೆಯಲ್ಲಿ ಆ ಪದ ಎದುರಾದಾಗ ವಾಪಸ್ ತಂದುಕೊಳ್ಳಬಹುದು. ಕಾರ್ಡು ನೋಡುವಾಗ ಹಳೆಯ ಬೇಜಾರು ಮತ್ತೆ ಬಂತು ಎಂದಾದರೆ ಆಂಕಿಯನ್ನು ಪೂರ್ತಿ ಬಿಟ್ಟುಬಿಡಿ. ಓದಿಯೂ ಪದ ಕಲಿಯಬಹುದು. ಆಂಕಿ ಇಲ್ಲದೆ ಭಾಷೆ ಬರುವುದಿಲ್ಲ ಎಂಬ ಮಾತು ಸುಳ್ಳು.

ಓದು, ಕಾಂಜಿ

ಓದಲು ತದೊಕು ಎನ್ನುವ ಪದ್ಧತಿ ಬಿಟ್ಟು ಬಂದವರಿಗೆ ಹೇಳಿ ಮಾಡಿಸಿದ್ದು. ಜಪಾನಿನ ಒಂದು ಸಂಸ್ಥೆ ಇದಕ್ಕಾಗಿಯೇ ಮಟ್ಟದ ಪ್ರಕಾರ ಸಣ್ಣ ಸಣ್ಣ ಕತೆ ಪುಸ್ತಕಗಳನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ, ಚಿತ್ರ ಸಮೇತ. ನಿಯಮ ನಾಲ್ಕೇ. ಸುಲಭದ್ದರಿಂದ ಶುರು ಮಾಡಿ, ಡಿಕ್ಷನರಿ ನೋಡಬೇಡಿ, ಅರ್ಥವಾಗದ್ದನ್ನು ಹಾರಿಸಿ, ಹಿಡಿಸದಿದ್ದರೆ ಆ ಪುಸ್ತಕ ಬಿಟ್ಟು ಬೇರೆ ತೆಗೆದುಕೊಳ್ಳಿ. ಎನ್3 ಓದಿದವರು ಕೂಡ 0 ಮಟ್ಟದಿಂದಲೇ ಶುರು ಮಾಡಿ. ಒಂದು ಪುಸ್ತಕ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮುಗಿಸಿದೆ ಎನ್ನುವ ಭಾವನೆ ನಮಗೆ ತುಂಬ ದಿನದಿಂದ ಸಿಕ್ಕಿರುವುದಿಲ್ಲ ಅಲ್ವಾ? ಅದು ಸಿಗಲಿ.

ಕಾಂಜಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಬಳಕೆಯ ಜೋಯೋ ಪಟ್ಟಿಯಲ್ಲಿ 2,136 ಇವೆ, ಅದನ್ನು ಗೋಡೆಗೆ ಅಂಟಿಸಬೇಡಿ. ಜೆಎಲ್‌ಪಿಟಿಯಲ್ಲಿ ಕೈಬರಹ ಇಲ್ಲವೇ ಇಲ್ಲ, ಎಲ್ಲ ಆಯ್ಕೆಯ ಪ್ರಶ್ನೆಗಳು. ಬರೆಯಲು ಇಷ್ಟ ಇದ್ದವರು ಮಕ್ಕಳ ಚೌಕದ ಗೆರೆಯ ಲೆಕ್ಕದ ಪುಸ್ತಕ ತೆಗೆದುಕೊಂಡು, ಓದಿದ ಕತೆಯಲ್ಲಿ ಕಂಡ ಒಂದೆರಡು ಕಾಂಜಿ ಬರೆದರೆ ಸಾಕು. ಇಷ್ಟ ಇಲ್ಲದವರು ಬರೆಯುವುದೇ ಬೇಡ. ಎನ್3ಕ್ಕೆ ಇಷ್ಟು ಕಾಂಜಿ, ಇಷ್ಟು ಪದ ಎಂದು ಓಡಾಡುವ ಪಟ್ಟಿಗಳಿಗೂ ತಲೆ ಕೆಡಿಸಿಕೊಳ್ಳಬೇಡಿ. 2010ರಲ್ಲಿ ಪರೀಕ್ಷೆ ಬದಲಾದ ಮೇಲೆ ಅಧಿಕೃತ ಪಟ್ಟಿ ಹೊರಡಿಸುವುದನ್ನೇ ಪರೀಕ್ಷೆ ನಡೆಸುವವರು ನಿಲ್ಲಿಸಿದ್ದಾರೆ.

ದುಡ್ಡಿನ ವಿಷಯ ಒಂದು ಮಾತು. ವಾಪಸ್ ಬಂದ ಉತ್ಸಾಹದಲ್ಲಿ ವರ್ಷದ ಕೋರ್ಸಿಗೆ ಒಟ್ಟಿಗೆ ಹಣ ಕಟ್ಟಬೇಡಿ. ಮಾತಾಡಲು ಯಾರಾದರೂ ಬೇಕೆಂದರೆ ಒಂದೊಂದೇ ತರಗತಿಗೆ ಕೊಡುವ ವ್ಯವಸ್ಥೆ ಹುಡುಕಿ. "ಮೊದಲ ತಿಂಗಳು ತಪ್ಪು ತಿದ್ದಬೇಡಿ, ಸುಮ್ನೆ ಮಾತಾಡೋಣ" ಎಂದು ಶಿಕ್ಷಕರಿಗೆ ಮೊದಲೇ ಹೇಳಿ. ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ ಜಪಾನೀಸ್ ಎಲ್ಲಿಗೆ ಬಂತು ಎಂದು ಕೇಳಿದರೆ, ಓದ್ತಾ ಇದ್ದೇನೆ ಎಂದಷ್ಟೇ ಹೇಳಿ. ಯಾವ ವರ್ಷ ಯಾವ ಮಟ್ಟ ಎಂಬ ಮಾತು ಕೊಡಬೇಡಿ.

ಪರೀಕ್ಷೆ ಕೊನೆಗೆ

ಕನಿಷ್ಠ ಮೂರು ತಿಂಗಳು ಕಳೆಯುವವರೆಗೆ ಪರೀಕ್ಷೆಗೆ ಹೆಸರು ಹಾಕಬೇಡಿ. ಜೆಎಲ್‌ಪಿಟಿ ನಡೆಯುವುದು ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ. ಎಲ್ಲ ಊರಿನಲ್ಲೂ ಎರಡು ಸಲ ಇರುವುದಿಲ್ಲ, ನೋಡಿಕೊಳ್ಳಿ. ಹಿಂದೆ ಪಾಸಾದ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದಿಲ್ಲ, ಆದ್ದರಿಂದ ಆ ಮಟ್ಟವನ್ನು ಮತ್ತೆ ಬರೆಯುವುದು ಬೇಡ.

ಅಂಕದ ಲೆಕ್ಕ ಗೊತ್ತಿದ್ದರೆ ಹೆದರಿಕೆ ಕಡಿಮೆ. ಎನ್4ಕ್ಕೆ 180ರಲ್ಲಿ 90 ಬೇಕು, ಎನ್3ಕ್ಕೆ 95. ಎನ್3ರಲ್ಲಿ ಮೂರು ಭಾಗ, ತಲಾ 60 ಅಂಕ, ಪ್ರತಿ ಭಾಗದಲ್ಲೂ 19 ಬರಲೇಬೇಕು. ಕೇಳುವ ಭಾಗವೇ ಒಟ್ಟಿನ ಮೂರನೇ ಒಂದು. ಕಿವಿಯಿಂದ ಶುರು ಮಾಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಜಪಾನಿಗೆ ಕೆಲಸಕ್ಕೆ ಹೋಗುವವರ ವಿಷಯ ಸ್ವಲ್ಪ ಬೇರೆ. 2019ರಲ್ಲಿ ಶುರುವಾದ ತೊಕುತೇ ಗಿನೋ, ಅಂದರೆ ನಿರ್ದಿಷ್ಟ ಕೌಶಲದ ಕೆಲಸಗಾರರ, ವೀಸಾಕ್ಕೆ ಹೆಚ್ಚಿನ ಕೆಲಸಗಳಲ್ಲಿ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಎಂಬ ಇನ್ನೊಂದು ಭಾಷಾ ಪರೀಕ್ಷೆ ಸಾಕು. ಆರೈಕೆ ಕೆಲಸಕ್ಕಾದರೆ ಅದಕ್ಕೆಂದೇ ಇರುವ ಭಾಷಾ ಪರೀಕ್ಷೆ ಮತ್ತು ಕೌಶಲ ಪರೀಕ್ಷೆ ಕೂಡ ಇವೆ. ನಾನು ನರ್ಸ್ ಹುಡುಗಿಯರಿಗೆ ಜೆಎಫ್‌ಟಿಯನ್ನೇ ಹೇಳುವುದು. ಅದು ಕಂಪ್ಯೂಟರಿನಲ್ಲಿ ಒಂದು ಗಂಟೆಯ ಪರೀಕ್ಷೆ, 250ರಲ್ಲಿ 200 ಬೇಕು, ಮುಗಿದ ಕೂಡಲೇ ಪರದೆಯ ಮೇಲೆ ಫಲಿತಾಂಶ. ವರ್ಷಕ್ಕೆ ಒಂದೋ ಎರಡೋ ದಿನಕ್ಕೆ ಎಲ್ಲವನ್ನೂ ಕಟ್ಟಿಹಾಕುವ ಒತ್ತಡ ಇಲ್ಲ. ಒಮ್ಮೆ ಸುಸ್ತಾಗಿ ಬಿಟ್ಟವರಿಗೆ ಅದು ಎಷ್ಟು ಸಮಾಧಾನ ಎಂದು ನಾನು ಹೇಳಬೇಕಾಗಿಲ್ಲ.

ಜೆಎಲ್‌ಪಿಟಿಯೇ ಬರೆಯುವುದಾದರೆ ನಮ್ಮ ಕಡೆಯವರು ಬೆಂಗಳೂರಿಗೆ ಡಿಸೆಂಬರ್‌ನಲ್ಲಿ ಹೋಗುವುದು ಒಳ್ಳೆಯದು. ಜೂನ್, ಜುಲೈ ತೋಟಕ್ಕೆ ಮದ್ದು ಬಿಡುವ ಸಮಯ, ಮನೆಯಲ್ಲಿ ಓದಲು ಬಿಡುವಿರುವುದಿಲ್ಲ. ಮಳೆಗೆ ಘಾಟಿಯಲ್ಲಿ ಗುಡ್ಡ ಜರಿದರೆ ರೈಲೂ ನಿಲ್ಲುತ್ತದೆ, 2024ರ ಜುಲೈ ಕೊನೆಗೆ ಸಕಲೇಶಪುರದ ಹತ್ತಿರ ಹಾಗೆಯೇ ಆಯಿತು. ಕಣ್ಣೂರಿನ ಕಡೆಯಿಂದ ಬರುವ ರಾತ್ರಿ ರೈಲಿಗೆ ಕಾಸರಗೋಡಿನಲ್ಲಿ ಹತ್ತಬಹುದು. ಶನಿವಾರ ಹೊರಟರೆ ಭಾನುವಾರ ಬೆಳಿಗ್ಗೆ ತಲುಪುತ್ತದೆ, ಆದರೆ ಶುಕ್ರವಾರವೇ ಹೊರಡಿ. ನಿದ್ದೆಗೆಟ್ಟ ಕಿವಿಗೆ ಕೇಳುವ ಭಾಗ ಕಷ್ಟ.

ಫಲಿತಾಂಶ ಬರುವುದು ಜನವರಿ ಕೊನೆಗೆ. ಬಹಳ ಜನ ಎರಡನೇ ಸಲ ಬಿಡುವುದು ಆ ನಡುವಿನ ವಾರಗಳಲ್ಲೇ. ಪರೀಕ್ಷೆಯ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಕತೆ ಓದುವುದು ಮತ್ತು 15 ನಿಮಿಷ ಕೇಳುವುದನ್ನು ಮಾತ್ರ ಉಳಿಸಿಕೊಳ್ಳಿ. ಹೇಗೂ ಅದು ಅಡಿಕೆ ಕೊಯ್ಲಿನ ಸಮಯ, ಅದಕ್ಕಿಂತ ಜಾಸ್ತಿ ಹೊತ್ತು ಸಿಗುವುದೂ ಇಲ್ಲ.